ಮರಡಿಹಳ್ಳಿಯ ಕಲ್ಲಿಗೆ ಊರಿನ ದುಡ್ಡು: ಜ್ವಾಲಾಮುಖಿ ಸಾಕ್ಷ್ಯಚಿತ್ರಕ್ಕೆ ಹಣ ಹೊಂದಿಸಿದ ನಮ್ಮ ಅನುಭವ

ಚಿತ್ರದುರ್ಗದಿಂದ ಆಗ್ನೇಯಕ್ಕೆ 16 ಕಿ.ಮೀ. ದೂರದ ಮರಡಿಹಳ್ಳಿಯಲ್ಲಿ ಜ್ವಾಲಾಮುಖಿಯ ಸಾಕ್ಷಿ ಇದೆ ಎಂದರೆ, ಬೆಟ್ಟ ಎಲ್ಲಿ, ಬೆಂಕಿ ಉಗುಳಿದ ಬಾಯಿ ಎಲ್ಲಿ ಎಂಬ ಪ್ರಶ್ನೆಯೇ ಮೊದಲು ಬರುತ್ತದೆ. ಅಲ್ಲಿ ಅವೆರಡೂ ಇಲ್ಲ. ಇರುವುದು ಒಂದರ ಮೇಲೊಂದು ಪೇರಿಸಿಟ್ಟ ದಿಂಬುಗಳಂತೆ ಕಾಣುವ ಹಸಿರುಗಪ್ಪು ಬಂಡೆ. 250 ಕೋಟಿ ವರ್ಷಗಳಿಗೂ ಹಿಂದೆ ನೀರಿನಡಿ ಉಕ್ಕಿದ ಲಾವಾರಸ ತಣ್ಣೀರು ತಾಗಿದ ಕೂಡಲೇ ಮೇಲೆ ಸಿಪ್ಪೆಗಟ್ಟಿತು. ಒಳಗಿನ ರಸ ಆ ಸಿಪ್ಪೆಯನ್ನು ಒಡೆದು ಮತ್ತೊಂದು ಉಂಡೆಯಾಗಿ ಹೊರಬಂತು, ಅದಕ್ಕೂ ಸಿಪ್ಪೆ ಕಟ್ಟಿತು. ಹೀಗೆ ಬೆಳೆದ ರಾಶಿ ಇದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಕಣ್ಣಿಗೆ ಬೆಂಕಿ ಕಾಣದ ಇಂಥ ಜ್ವಾಲಾಮುಖಿಯ ಮೇಲೆ ಚಿತ್ರ ಮಾಡಲು ಜನರಿಂದ ಹಣ ಎತ್ತುವಾಗ, ದುಡ್ಡು ಕೇಳುವುದಕ್ಕಿಂತ ಮೊದಲು ಕಲ್ಲು ತೋರಿಸಬೇಕು. ಅದನ್ನು ತಿರುವುಮುರುವು ಮಾಡಿದಾಗಲೆಲ್ಲ ನಮ್ಮ ಕೈಗೆ ಏನೂ ಬರಲಿಲ್ಲ.

ಲೆಕ್ಕದಿಂದ ಶುರು ಮಾಡುತ್ತೇನೆ, ಏಕೆಂದರೆ ಹೆಚ್ಚಿನ ಕ್ರೌಡ್‌ಫಂಡಿಂಗ್ (ಜನರಿಂದ ಹಣ ಎತ್ತುವ ಕೆಲಸ) ಸೋಲುವುದು ಇಲ್ಲಿಯೇ. 40 ನಿಮಿಷದ ಚಿತ್ರ, 12 ದಿನದ ಚಿತ್ರೀಕರಣ, 5 ಜನರ ತಂಡ. ಕ್ಯಾಮೆರಾ ಬಾಡಿಗೆ ದಿನಕ್ಕೆ ₹3,500, ಲೆನ್ಸ್‌ಗಳಿಗೆ ₹1,200, ಛಾಯಾಗ್ರಾಹಕರಿಗೆ ₹5,000, ಧ್ವನಿ ಹಿಡಿಯುವವರಿಗೆ ಅವರ ಸಲಕರಣೆಯೂ ಸೇರಿ ₹4,000, ಗಾಡಿ ಮತ್ತು ಡೀಸೆಲ್‌ಗೆ ₹3,500, ಊಟ-ವಸತಿಗೆ ತಲೆಗೆ ₹500. ಎರಡು ದಿನದ ಡ್ರೋನ್‌ಗೆ ₹16,000. ನೀರಿನಡಿ ಲಾವಾ ಉಕ್ಕುವುದನ್ನು ತೋರಿಸುವ ಮೂರು ನಿಮಿಷದ ಅನಿಮೇಷನ್‌ಗೆ ₹60,000. ಸಂಕಲನ, ಧ್ವನಿ ಮಿಶ್ರಣ, ಬಣ್ಣ ತಿದ್ದುವಿಕೆ, ಸಂಗೀತ, ಉಪಶೀರ್ಷಿಕೆ, ಎರಡು ಹಾರ್ಡ್‌ಡಿಸ್ಕ್, ಮೊದಲ ಓಡಾಟ ಇವೂ ಸೇರಿ ಒಟ್ಟು ಖರ್ಚು ₹5,17,400. ಆಕಸ್ಮಿಕಕ್ಕೆಂದು ಶೇ. 10 ಹಾಕಿ ದುಂಡಾಗಿಸಿದರೆ ₹5,70,000.

ಇದು ಚಿತ್ರದ ಖರ್ಚು. ಎತ್ತಬೇಕಾದ ಹಣ ಬೇರೆ. ಹಣ ಎತ್ತಲು ನಾವು ಬಳಸಿದ ಜಾಲತಾಣದ ಶುಲ್ಕ ಶೇ. 8, ಆನ್‌ಲೈನ್ ಹಣ ದಾಟಿಸುವ ಪಾವತಿ ಗೇಟ್‌ವೇಯದ್ದು ಶೇ. 2. ಈ ಎರಡರ ಮೇಲೆ ಶೇ. 18 ಜಿಎಸ್‌ಟಿ ಸೇರಿದಾಗ ಶೇ. 11.8 ಆಯಿತು. ಕೊಟ್ಟವರಿಗೆ ಕಳಿಸುವ ಉಡುಗೊರೆ ಮತ್ತು ಅಂಚೆಗೆ ಶೇ. 8. ಒಟ್ಟು ಶೇ. 19.8 ಹೋಗಿ ಕೈಗೆ ಉಳಿಯುವುದು ಶೇ. 80.2. ಇಲ್ಲಿ ಬಹಳ ಜನ ₹5,70,000ಕ್ಕೆ ಶೇ. 19.8 ಕೂಡಿಸಿ ₹6,82,860 ಎಂದು ಗುರಿ ಇಡುತ್ತಾರೆ. ಅದು ತಪ್ಪು. ಅಷ್ಟೂ ಬಂದರೂ ಕೈಗೆ ಸಿಗುವುದು ₹5,47,654, ಅಂದರೆ ₹22,000ಕ್ಕೂ ಹೆಚ್ಚು ಖೋತಾ. ಕೂಡಿಸಬಾರದು, 0.802ರಿಂದ ಭಾಗಿಸಬೇಕು. ಹಾಗೆ ಬಂದದ್ದು ₹7,10,723. ನಾವಿಟ್ಟ ಗುರಿ ₹7,15,000.

ಮುಂದಿನದು ಕಾಲ. ಇದನ್ನು ಚಿತ್ರೀಕರಣದ ದಿನಗಳಿಂದ ಹಿಂದಕ್ಕೆ ಎಣಿಸಿದೆವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದುರ್ಗದ ಗಾಳಿ ಎಂಥದ್ದೆಂದು ಜೋಗಿಮಟ್ಟಿ ಕಡೆಯ ಗಾಳಿಯಂತ್ರಗಳನ್ನು ನೋಡಿದವರಿಗೆ ಗೊತ್ತು. ಆಗ ಡ್ರೋನ್ ನಿಲ್ಲುವುದಿಲ್ಲ, ಮೈಕ್‌ಗೆ ತುಪ್ಪಳದ ಹೊದಿಕೆ ಹಾಕಿದರೂ ಮಾತು ಹಾಳಾಗುತ್ತದೆ. ಮಳೆ ನಿಂತ ಮೇಲೆ ಹುಲ್ಲು ಬಂಡೆಯ ಬುಡ ಮುಚ್ಚಿರುತ್ತದೆ. ಅದು ಒಣಗಲು ಡಿಸೆಂಬರ್ ಆಗಬೇಕು. ಇನ್ನೊಂದು ಕಾರಣ ಕ್ಯಾಮೆರಾ ಬಾಡಿಗೆ. ದಾವಣಗೆರೆಯಲ್ಲಿ ಒಳ್ಳೆಯ ಕ್ಯಾಮೆರಾ ಇರುವುದು ಮದುವೆ ವಿಡಿಯೊದವರ ಹತ್ತಿರ. ಮುಹೂರ್ತ ಇರುವ ದಿನಗಳಲ್ಲಿ ಅವರು ಎಷ್ಟು ಕೊಟ್ಟರೂ ಬಿಡುವುದಿಲ್ಲ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗೆ ಧನುರ್ಮಾಸ, ಮದುವೆ ಇಲ್ಲ. ಕ್ಯಾಮೆರಾವೂ ಖಾಲಿ, ಕೆಲಸ ಬಲ್ಲ ಹುಡುಗರೂ ಖಾಲಿ. ಮೇಲೆ ಬರೆದ ₹3,500 ಧನುರ್ಮಾಸದ ದರವೇ.

ಹಾಗಾಗಿ ಹಣ ನವೆಂಬರ್‌ಗೆ ಕೈಯಲ್ಲಿರಬೇಕು. ಅಭಿಯಾನವನ್ನು ಆಗಸ್ಟ್ 25ರಿಂದ ಅಕ್ಟೋಬರ್ 5ರವರೆಗೆ ಇಟ್ಟೆವು. ಈ 42 ದಿನಗಳೊಳಗೆ ಎರಡು ಸಲ ಸಂಬಳವಾಗುತ್ತದೆ. ನಮಗೆ ಕೊಟ್ಟವರಲ್ಲಿ ಮೇಷ್ಟ್ರುಗಳು ಮತ್ತು ಸರ್ಕಾರಿ ನೌಕರರೇ ಹೆಚ್ಚು. 1ರಿಂದ 5ನೇ ತಾರೀಕಿನೊಳಗೆ ಬಂದಷ್ಟು ಹಣ ತಿಂಗಳ ಉಳಿದ ದಿನಗಳಲ್ಲಿ ಬರಲಿಲ್ಲ. ಕಾಲದ ವಿಷಯದಲ್ಲಿ ತೆರಿಗೆಯ ಮಾತೂ ಇದೆ. ಜನರಿಂದ ಬಂದ ಹಣವನ್ನು ವೃತ್ತಿಯ ಆದಾಯವೆಂದು ತೋರಿಸಿ, ಚಿತ್ರದ ಖರ್ಚನ್ನು ಅದರಿಂದ ಕಳೆಯುವಂತೆ ನಮ್ಮ ಲೆಕ್ಕಪರಿಶೋಧಕರು ಹೇಳಿದರು. ಉಡುಗೊರೆ ಎಂದು ತೋರಿಸಿದರೆ, ವರ್ಷದಲ್ಲಿ ಒಟ್ಟು ₹50,000 ದಾಟಿದ ಕೂಡಲೇ ಅಷ್ಟಕ್ಕೂ ತೆರಿಗೆ ಬೀಳುತ್ತದೆ. ಹಣ ಫೆಬ್ರವರಿಯಲ್ಲಿ ಬಂದು ಖರ್ಚು ಏಪ್ರಿಲ್‌ನಲ್ಲಿ ಆದರೆ, ಮಾರ್ಚ್ 31ಕ್ಕೆ ಅದು ಲಾಭದಂತೆ ಕಾಣುತ್ತದೆ. ಎತ್ತಿದ ವರ್ಷದಲ್ಲೇ ಖರ್ಚು ಮಾಡುವುದು ಕ್ಷೇಮ.

ಯಾರಿಂದ ಏನು ತೆಗೆದುಕೊಳ್ಳಬಾರದು ಎಂಬುದನ್ನು ಮೊದಲೇ ಗೆರೆ ಎಳೆದುಕೊಳ್ಳಿ. ಲಾಭದಲ್ಲಿ ಪಾಲು ಕೊಡುತ್ತೇವೆಂದು ಸಾರ್ವಜನಿಕರನ್ನು ಕರೆಯುವ ಹಾಗಿಲ್ಲ. ಅದು ಬಂಡವಾಳ ಸಂಗ್ರಹವಾಗಿ ಬೇರೆ ಕಾನೂನಿನ ಕೈಗೆ ಹೋಗುತ್ತದೆ. ನಾವು ಕೊಟ್ಟದ್ದು ಹೆಸರು, ಚಿತ್ರ, ಕಲ್ಲಿನ ದರ್ಶನ ಮಾತ್ರ. ಹೊರದೇಶದಲ್ಲಿರುವ ಊರಿನವರು ಕೊಡಲು ಮುಂದೆ ಬಂದರೆ ಮೊದಲು ಪಾಸ್‌ಪೋರ್ಟ್ ಯಾವುದೆಂದು ಕೇಳಿ. ಭಾರತದ ಪಾಸ್‌ಪೋರ್ಟ್ ಇದ್ದರೆ ತೊಂದರೆಯಿಲ್ಲ. ಬೇರೆ ದೇಶದ ಪೌರತ್ವ ಪಡೆದವರಾದರೆ, ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, 2010ರ ಪ್ರಕಾರ ಅವರ ದೇಣಿಗೆ ವಿದೇಶಿ ಮೂಲದ್ದು. ನಾವು ಅಂಥ ಹಣ ಮುಟ್ಟಲಿಲ್ಲ. ‘ನಿಮ್ಮ ಅಣ್ಣ ದುರ್ಗದಲ್ಲೇ ಇದ್ದಾರಲ್ಲ ಸರ್, ಅವರಿಗೆ ಚಿತ್ರ ತೋರಿಸ್ತೀವಿ, ಇಷ್ಟವಾದ್ರೆ ಅವರ ದುಡ್ಡು ಅವರೇ ಕೊಡ್ಲಿ’ ಎಂದು ವಿನಯದಿಂದ ಹೇಳಿದೆವು.

ಅಭಿಯಾನದ ವಿಡಿಯೊ 2 ನಿಮಿಷ 40 ಸೆಕೆಂಡ್. ಮೊದಲು ಮಾಡಿದ ರೂಪದಲ್ಲಿ ಚಿತ್ರದುರ್ಗದ ಕಲ್ಲಿನ ಕೋಟೆಯಿಂದ ಆರಂಭಿಸಿದ್ದೆವು. ಅದು ಎರಡು ರೀತಿಯಲ್ಲಿ ಕೆಟ್ಟಿತು. ನೋಡಿದವರು ಇದು ಕೋಟೆಯ ಇತಿಹಾಸದ ಚಿತ್ರವೆಂದುಕೊಂಡರು. ಮೇಲಾಗಿ, ಕೋಟೆಯ ಬಂಡೆಗಳು ಜ್ವಾಲಾಮುಖಿಯಿಂದ ಬಂದವು ಎಂಬ ತಪ್ಪು ತಿಳಿವಳಿಕೆಗೆ ನಾವೇ ಬೆಂಬಲ ಕೊಟ್ಟಂತಾಯಿತು. ಕೋಟೆಯ ಬೆಟ್ಟ ಗ್ರಾನೈಟ್. ಅದು ನೆಲದೊಳಗೆ ಆಳದಲ್ಲಿ ನಿಧಾನವಾಗಿ ತಣಿದ ಶಿಲಾರಸ. ಅದಕ್ಕೇ ಅದರ ಹರಳುಗಳು ಬರಿಗಣ್ಣಿಗೆ ಕಾಣುತ್ತವೆ. ಮರಡಿಹಳ್ಳಿಯದು ನೀರು ತಾಗಿ ಥಟ್ಟನೆ ತಣಿದದ್ದು. ಅದರ ಕಣ ಬರಿಗಣ್ಣಿಗೆ ಸಿಗದಷ್ಟು ಸಣ್ಣದು. ಎರಡನೆಯ ರೂಪದಲ್ಲಿ ಮೊದಲ ಹತ್ತು ಸೆಕೆಂಡ್ ಒಂದೇ ದೃಶ್ಯ: ಒದ್ದೆ ಬಂಡೆಯ ಮೇಲೆ ಒಂದು ಕೈ, ದಿಂಬಿನ ಅಂಚಿನ ಗುಂಟ ನಿಧಾನವಾಗಿ ಸರಿಯುತ್ತದೆ. ದುಡ್ಡಿನ ಮಾತು ಬರುವುದು 1 ನಿಮಿಷ 50 ಸೆಕೆಂಡಿಗೆ. ಅಷ್ಟರೊಳಗೆ ನೋಡುವವರಿಗೆ ಕಲ್ಲು ಓದಲು ಬಂದಿರಬೇಕು.

ಈ ಕಲ್ಲನ್ನು ಹಿಡಿಯುವ ಕ್ರಮ ಹೇಳಲೇಬೇಕು. ನಡು ಮಧ್ಯಾಹ್ನ ಹೋದರೆ ಬಂಡೆ ಚಪ್ಪಟೆಯಾಗಿ ಕಾಣುತ್ತದೆ, ದಿಂಬೇ ಇಲ್ಲವೇನೋ ಎನ್ನಿಸುತ್ತದೆ. ಉಬ್ಬು-ತಗ್ಗು ಎದ್ದು ಕಾಣುವುದು ಓರೆ ಬೆಳಕಿನಲ್ಲಿ: ಚಳಿಗಾಲದಲ್ಲಿ ಬೆಳಿಗ್ಗೆ 7ರಿಂದ 8.30, ಸಂಜೆ 4.30ರಿಂದ 6. ದಿಂಬಿನ ಸುತ್ತಲಿನ ತಣಿದ ಅಂಚು ಒಣಗಿದಾಗ ಮಸುಕು. ಔಷಧಿ ಹೊಡೆಯುವ ಹೊಸ ಕೈಪಂಪಿನಲ್ಲಿ ಬರೀ ನೀರು ಸಿಂಪಡಿಸಿದರೆ ಅಂಚು ಕಪ್ಪಾಗಿ ಗೆರೆ ಎಳೆದಂತೆ ಎದ್ದು ಬರುತ್ತದೆ. ಹಳೆಯ ಪಂಪು ಬೇಡ, ಔಷಧಿಯ ಕಲೆ ಕಲ್ಲಿನ ಮೇಲೆ ಉಳಿಯುತ್ತದೆ. ನೀರು ಆರುವ ಮೊದಲಿನ ಐದಾರು ನಿಮಿಷವೇ ನಿಮ್ಮ ಸಮಯ. ಸೀಮೆಸುಣ್ಣದಲ್ಲಿ ಗೆರೆ ಹಾಕಬಾರದು, ಸುತ್ತಿಗೆ ಮುಟ್ಟಿಸಬಾರದು. ಅಳತೆಗೆ ಒಂದು ಅಡಿ ಪಟ್ಟಿ ಪಕ್ಕಕ್ಕಿಡಿ. ದಿಂಬಿನ ಕೆಳತುದಿಯನ್ನು ತಪ್ಪದೆ ಹಿಡಿಯಿರಿ. ಮೆತ್ತಗಿದ್ದಾಗ ಅದು ಕೆಳಗಿನ ಎರಡು ದಿಂಬುಗಳ ಸಂದಿಗೆ ಇಳಿದು ಚೂಪಾಗಿರುತ್ತದೆ, ಮೇಲ್ಭಾಗ ಗುಂಡಗಿರುತ್ತದೆ. ಪದರಗಳು ಮಗುಚಿಬಿದ್ದಿದ್ದರೂ ಆಗ ಮೇಲೆ ಯಾವುದಿತ್ತು, ಕೆಳಗೆ ಯಾವುದಿತ್ತು ಎಂದು ಭೂವಿಜ್ಞಾನಿಗಳು ಹೇಳುವುದು ಇದರಿಂದಲೇ. ನಮ್ಮ ಸಭೆಗಳಲ್ಲಿ ಜನ ಎದ್ದು ಕೂತದ್ದು ಈ ಒಂದು ಮಾತಿಗೆ.

ಈಗಲೂ ನೀರಿನಡಿ ದಿಂಬು ಲಾವಾ ಹುಟ್ಟುವ ದೃಶ್ಯಗಳಿವೆ. 2009ರಲ್ಲಿ ಪೆಸಿಫಿಕ್ ಸಾಗರದ ವೆಸ್ಟ್ ಮಾಟಾ ಜ್ವಾಲಾಮುಖಿಯಲ್ಲಿ ಸುಮಾರು 1,200 ಮೀಟರ್ ಆಳದಲ್ಲಿ ಅದನ್ನು ಚಿತ್ರೀಕರಿಸಲಾಯಿತು. ಅಮೆರಿಕದ ಸರ್ಕಾರಿ ಸಂಸ್ಥೆಗಳ ಸ್ವಂತ ದೃಶ್ಯಗಳಿಗೆ ಅಲ್ಲಿ ಹಕ್ಕುಸ್ವಾಮ್ಯ ಇಲ್ಲ. ಆದರೆ ಅವರ ಸಂಗ್ರಹದಲ್ಲಿ ವಿಶ್ವವಿದ್ಯಾಲಯಗಳ, ಖಾಸಗಿಯವರ ದೃಶ್ಯಗಳೂ ಬೆರೆತಿರುತ್ತವೆ. ಒಂದೊಂದರ ಕೃಪೆ ಸಾಲನ್ನೂ ಓದಿ, ಬರೆದು ಕೇಳಿ, ಉತ್ತರವನ್ನು ಕಡತದಲ್ಲಿಟ್ಟ ಮೇಲೆಯೇ ಬಳಸಿ.

ಕಲ್ಲಿನ ವಯಸ್ಸಿನ ಲೆಕ್ಕದಲ್ಲೂ ಜಾರಬೇಡಿ. ಇಂಗ್ಲಿಷ್ ಬರಹದ 2,500 ಮಿಲಿಯನ್ ಎಂದರೆ 250 ಕೋಟಿ. ನಮ್ಮ ಮೊದಲ ಕರಪತ್ರದಲ್ಲಿ 25 ಕೋಟಿ ಎಂದು ಅಚ್ಚಾಗಿ, 1,000 ಪ್ರತಿಯನ್ನೂ ಬದಿಗಿಡಬೇಕಾಯಿತು. ವಿಜ್ಞಾನದ ಚಿತ್ರಕ್ಕೆ ಹಣ ಕೇಳುವವರ ಕೈಯಲ್ಲಿ ಅಂಥ ತಪ್ಪು ಇರಲೇಬಾರದು.

ಜಾಲತಾಣದಲ್ಲಿ ಪುಟ ತೆರೆಯುವ ಮೊದಲು ಗುರಿಯ ಮೂರನೇ ಒಂದು ಭಾಗಕ್ಕೆ ಬಾಯಿಮಾತಿನ ಒಪ್ಪಿಗೆ ಇರಬೇಕು. ಸೊನ್ನೆಯಲ್ಲಿ ನಿಂತ ಪುಟಕ್ಕೆ ಗುರುತಿಲ್ಲದವರು ಹಣ ಹಾಕುವುದಿಲ್ಲ. ಆ ಒಪ್ಪಿಗೆಗಾಗಿ ಶಾಲೆ, ಕಾಲೇಜು, ನಿವೃತ್ತರ ಸಂಘಗಳಲ್ಲಿ 11 ಸಣ್ಣ ಸಭೆ ಮಾಡಿದೆವು. ಪ್ರತಿ ಸಭೆಯಲ್ಲೂ ಒಂದು ಪ್ರಯೋಗ: 500 ಮಿ.ಲೀ. ಬೋರೊಸಿಲಿಕೇಟ್ ಬೀಕರಿನ ತಳದಲ್ಲಿ 1 ಸೆಂ.ಮೀ. ಕೆಂಪು ಮೇಣ ಕರಗಿಸಿ ಗಟ್ಟಿಯಾಗಲು ಬಿಡಿ, ಅದರ ಮೇಲೆ 2 ಸೆಂ.ಮೀ. ತೊಳೆದ ಮರಳು, ಮುಕ್ಕಾಲು ಭಾಗದವರೆಗೆ ತಣ್ಣೀರು. ಅಡಿಯಲ್ಲಿ ಸಣ್ಣ ಉರಿ. ಕೆಲವು ನಿಮಿಷದಲ್ಲಿ ಮೇಣ ಮರಳನ್ನು ಸೀಳಿ ಮೇಲೆ ನುಗ್ಗಿ, ನೀರಿನಲ್ಲೇ ಗಟ್ಟಿಯಾಗುತ್ತದೆ. ಒಂದಿಷ್ಟು ಮರಳೊಳಗೇ ಸಿಕ್ಕಿಕೊಂಡು ಉಳಿಯುತ್ತದೆ. ಒಳಗೆ ಉಳಿದದ್ದು ಕೋಟೆಯ ಗ್ರಾನೈಟ್‌ನ ಬಗೆ, ನೀರಿಗೆ ಬಂದದ್ದು ಮರಡಿಹಳ್ಳಿಯ ಬಗೆ. ಮಾಮೂಲಿ ಗಾಜಿನ ಲೋಟ ಬಳಸಿದರೆ ಬಿರಿಯುತ್ತದೆ. ಮುಂದಿನ ಸಾಲಿನ ಮಕ್ಕಳನ್ನು ಎರಡು ಮೀಟರ್ ಹಿಂದೆ ಕೂರಿಸಿ, ನೀವು ರಕ್ಷಣಾ ಕನ್ನಡಕ ಹಾಕಿಕೊಳ್ಳಿ.

ಸಿನಿಮಾ ಪ್ರೇಮಿಗಳ ಗುಂಪುಗಳಲ್ಲಿ ಹಂಚಿದ ಲಿಂಕಿನಿಂದ ಮೆಚ್ಚುಗೆ ಬಂತು, ಹಣ ಬಂದದ್ದು ತೀರ ಕಡಿಮೆ. ಕೊಟ್ಟವರು ಸಭೆಗೆ ಬಂದವರು, ಅವರು ಹೇಳಿದ ನೆಂಟರು, ಇಂಗಳದಾಳಿನ ತಾಮ್ರದ ಗಣಿಯ ಕಾಲದಿಂದ ಕಲ್ಲಿನ ಜತೆ ನಂಟಿದ್ದ ಮನೆಯವರು. ಇವರಲ್ಲಿ ಹಲವರು ಲಿಂಕ್ ಒತ್ತಲು ಹೆದರುತ್ತಾರೆ, ಮೋಸ ಹೋದವರನ್ನು ಕಂಡಿದ್ದಾರೆ. ಅವರಿಗಾಗಿ ಸಂಸ್ಥೆಯ ಹೆಸರಿನ ಚಾಲ್ತಿ ಖಾತೆಯ ಕ್ಯೂಆರ್ ಫಲಕ ಇಟ್ಟೆವು. ಸ್ಕ್ಯಾನ್ ಮಾಡಿದಾಗ ಬರುವ ಹೆಸರೂ ಕರಪತ್ರದ ಹೆಸರೂ ಒಂದೇ ಇರಬೇಕು. ವ್ಯಕ್ತಿಯ ಹೆಸರು ಬಂದರೆ ಕೈ ಹಿಂದೆ ಸರಿಯುತ್ತದೆ. ನಗದು ₹2,000 ಮೀರದಂತೆ, ಕ್ರಮಸಂಖ್ಯೆಯ ರಸೀದಿ ಪುಸ್ತಕದ ಮೇಲೆ ಮಾತ್ರ. ಹೀಗೆ ನೇರವಾಗಿ ಬಂದದ್ದನ್ನು ಪುಟದ ಮೊತ್ತದಲ್ಲಿ ತೋರಿಸಲು ಅವಕಾಶವಿದೆಯೇ ಎಂದು ಜಾಲತಾಣದವರನ್ನು ಮೊದಲೇ ಕೇಳಿ. ಇಲ್ಲವಾದರೆ ಪುಟ ಬಡವಾಗಿ ಕಾಣುತ್ತದೆ. ಆ ಹಣವನ್ನು ನೀವೇ ಪುಟಕ್ಕೆ ಹಾಕಿದರೆ ಶೇ. 11.8 ಸುಮ್ಮನೆ ಹೋಗುತ್ತದೆ. ಪ್ರತಿ ಭಾನುವಾರ ರಾತ್ರಿ ಆ ವಾರದ ಜಮೆ-ಖರ್ಚನ್ನು ಎಲ್ಲರಿಗೂ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದೆವು. ಎರಡನೇ ಸಲ ಕೊಟ್ಟವರೆಲ್ಲ ಆ ಲೆಕ್ಕ ಓದಿದವರು.

ಉಡುಗೊರೆಗಳಲ್ಲಿ ₹300ಕ್ಕೆ ಕೊನೆಯ ಪಟ್ಟಿಯಲ್ಲಿ ಹೆಸರು, ₹1,000ಕ್ಕೆ ಕಲ್ಲಿನ ಎ4 ಚಿತ್ರ, ₹3,000ಕ್ಕೆ ಭೂವಿಜ್ಞಾನಿಯೊಂದಿಗೆ ಒಂದು ದಿನದ ನಡಿಗೆ, ₹10,000ಕ್ಕೆ ಅವರ ಊರಿನ ಶಾಲೆಯಲ್ಲಿ ಪ್ರದರ್ಶನ. ದೊಡ್ಡ ಪೋಸ್ಟರ್ ಬೇಡ. ಮಡಿಸಿದರೆ ಗೆರೆ ಬೀಳುತ್ತದೆ, ಕೊಳವೆಯ ಬೆಲೆ ಪೋಸ್ಟರ್‌ಗಿಂತ ಹೆಚ್ಚು. ‘ಒಂದು ಚೂರು ಕಲ್ಲು ಕೊಡ್ರಿ ಸಾಕು’ ಎಂದು ಕೇಳಿದವರಿದ್ದರು. ಎಷ್ಟು ಹಣ ಕೊಟ್ಟರೂ ಅದಕ್ಕೆ ನಮ್ಮ ಉತ್ತರ ‘ಇಲ್ಲ’ ಎಂಬುದೇ. ಶಾಲೆಯ ಪ್ರದರ್ಶನ ಎಂದು ಮಾತು ಕೊಟ್ಟ ಮೇಲೆ ಸೆನ್ಸಾರ್ ಪ್ರಮಾಣಪತ್ರ ಬೇಕೆಂಬುದು ನಮ್ಮ ಖರ್ಚಿನ ಪಟ್ಟಿಯಲ್ಲಿ ಬಿಟ್ಟುಹೋಗಿತ್ತು, ಆಕಸ್ಮಿಕದ ಶೇ. 10 ಕೈಹಿಡಿಯಿತು. ನೀವು ಮೊದಲೇ ಸೇರಿಸಿಕೊಳ್ಳಿ, ಅರ್ಜಿಯಿಂದ ಪತ್ರದವರೆಗಿನ ಕಾಲವನ್ನೂ ಎಣಿಸಿ.

ಹೆಸರಿನ ಪಟ್ಟಿಗೆ ಬೇರೆಯೇ ಶ್ರದ್ಧೆ ಬೇಕು. ಬ್ಯಾಂಕಿನಿಂದ ಬರುವ ಹೆಸರು ಇಂಗ್ಲಿಷ್‌ನಲ್ಲಿರುತ್ತದೆ. ಅದನ್ನು ನೋಡಿ ಹಾಲಪ್ಪನೋ ಹಳ್ಳಪ್ಪನೋ, ಮಲ್ಲಮ್ಮನೋ ಮಾಳಮ್ಮನೋ ಎಂದು ಹೇಳಲಾಗದು. ಹಣ ಬಂದ ದಿನವೇ ಫೋನ್ ಮಾಡಿ, ಕನ್ನಡದಲ್ಲಿ ಹೆಸರು ಬರೆದ ಚೀಟಿಯ ಫೋಟೊ ತರಿಸಿಕೊಂಡೆವು. ಮೇಷ್ಟ್ರೊಬ್ಬರು ತಮ್ಮ ಹೆಸರು ಬೇಡ, ಭೂಗೋಳ ಕಲಿಸಿದ ತಮ್ಮ ಗುರುಗಳ ಹೆಸರು ಹಾಕಿ ಎಂದರು. ಪಟ್ಟಿಯನ್ನು ಅಂತಿಮಗೊಳಿಸುವ ಮೊದಲು ಆ ಚೀಟಿಗಳನ್ನೆಲ್ಲ ಪಕ್ಕದಲ್ಲಿಟ್ಟುಕೊಂಡು, ಒಬ್ಬರು ಓದಿ ಒಬ್ಬರು ನೋಡಿ, ಮೂರು ಸಲ ತಾಳೆ ಹಾಕಿದೆವು.