ಸ್ಟಾನ್ಲಿ ಉಗಿ ಕಾರಿನ ಉರಿ ಸರಿಮಾಡಿದ ಬಗೆ

ನಾಲ್ಕು ಮೈಲಿ ಕಾರು ಚೆನ್ನಾಗಿ ಓಡುತ್ತಿತ್ತು. ಐದನೆಯ ಮೈಲಿಗೆ ಉಗಿಯ ಒತ್ತಡ ಕುಸಿಯತೊಡಗುತ್ತಿತ್ತು, ಏರು ಸಿಕ್ಕರೆ ನಿಂತೇಬಿಡುತ್ತಿತ್ತು. ಬಾಯ್ಲರ್‌ನಲ್ಲಿ ಇರಬೇಕಾದದ್ದು ಚದರ ಅಂಗುಲಕ್ಕೆ 600 ಪೌಂಡ್. ನನಗೆ ಉಳಿಯುತ್ತಿದ್ದುದು ಅದರ ಅರ್ಧಕ್ಕೂ ಕಡಿಮೆ.

ಕಾರು ಸ್ಟಾನ್ಲಿ 735 ಮಾದರಿಯದು. ತಯಾರಾದದ್ದು ನಾನಿರುವ ಮ್ಯಾಸಚೂಸೆಟ್ಸ್‌ನಲ್ಲೇ, ನ್ಯೂಟನ್‌ನಲ್ಲಿ. ಸ್ಟಾನ್ಲಿ ಅವಳಿ ಸಹೋದರರ ಕಾರ್ಖಾನೆ ಮೊದಲು ಬಾಯ್ಲರ್ ಕಾಯಿಸಲು ಪೆಟ್ರೋಲ್ ಉರಿಸುವ ಉಗಿ ಕಾರುಗಳನ್ನು ಮಾಡುತ್ತಿತ್ತು. ನನ್ನದರಂಥ ಕೊನೆಯ ಮಾದರಿಗಳ ದೊಡ್ಡ ಉರಿಗೆ ಸೀಮೆಎಣ್ಣೆ, ಅದನ್ನು ಹೊತ್ತಿಸುವ ಸಣ್ಣ ಪೈಲಟ್ ಜ್ವಾಲೆಗೆ ಮಾತ್ರ ಪೆಟ್ರೋಲ್.

ಪಂಪ್ ಸ್ಟೌವ್ ಹೊತ್ತಿಸಿ ಬೆಳೆದವರಿಗೆ ಇದರ ಒಳಗುಟ್ಟು ಬೇಗ ತಿಳಿಯುತ್ತದೆ. ಒತ್ತಡದಲ್ಲಿ ಬರುವ ಸೀಮೆಎಣ್ಣೆ, ಉರಿಯೊಳಗೇ ಹಾದುಹೋಗುವ ಉಕ್ಕಿನ ಕೊಳವೆಯಲ್ಲಿ ಕಾದು ಆವಿಯಾಗಿ, ಸಣ್ಣ ನಾಜಲ್‌ನಿಂದ ಚಿಮ್ಮಿ, ಗಾಳಿ ಬೆರೆಸಿಕೊಂಡು ಬರ್ನರ್ ತಟ್ಟೆಯ ಮೇಲೆ ನೀಲಿಯಾಗಿ ಉರಿಯಬೇಕು. ಆ ಕೊಳವೆಯೇ ವೇಪರೈಸರ್.

ನಾನು ಮಾತ್ರ ಆರು ತಿಂಗಳು, ಸೀಮೆಎಣ್ಣೆಯನ್ನು ಒತ್ತಡದಲ್ಲಿ ಕಳಿಸುವ ಪಂಪಿನ ಬೆನ್ನು ಹತ್ತಿದ್ದೆ. ಪಂಪಿನ ವಾಲ್ವ್ ಗುಂಡುಗಳು, ಸೋಸುಜಾಲರಿ, ಹೊಸ ಮಾಪಕ, ಎಲ್ಲವನ್ನೂ ತರಿಸಿದೆ. ಉತ್ತರ ಕಣ್ಣೆದುರಿಗೇ ಇತ್ತು: ಇಂಧನದ ಮಾಪಕ 140 ಪೌಂಡ್‌ನಿಂದ ಅಲುಗುತ್ತಿರಲಿಲ್ಲ. ಪಂಪು ಸೋತಿದ್ದರೆ ಆ ಮುಳ್ಳು ಇಳಿಯಬೇಕಿತ್ತು. ಒತ್ತಡ ಪೂರ್ತಿಯಿದ್ದೂ ಉರಿ ಸೊರಗಿದರೆ ದಾರಿ ಕಟ್ಟಿರುವುದು ಮಾಪಕದಿಂದ ಮುಂದೆ. ಇದೊಂದನ್ನು ಮೊದಲೇ ಯೋಚಿಸಿದ್ದರೆ ಅರ್ಧ ವರ್ಷ ಉಳಿಯುತ್ತಿತ್ತು.

ವೇಪರೈಸರ್ ಬಿಚ್ಚಿದೆ. ಒಳಗೆ ಉಕ್ಕಿನ ಹುರಿಹಗ್ಗದ ಒಂದು ತುಂಡು ಇರುತ್ತದೆ. ಅದು ಎಣ್ಣೆಯನ್ನು ಬಿಸಿ ಗೋಡೆಗೆ ತಾಗಿಸುತ್ತದೆ, ಕರಕನ್ನು ತನ್ನ ಮೈಮೇಲೆ ಹಿಡಿದುಕೊಳ್ಳುತ್ತದೆ. ಹೊರಗೆಳೆದು ಉಜ್ಜಿದರೆ ಕೊಳವೆ ಶುಚಿ. ನನ್ನದರಲ್ಲಿ ಹಗ್ಗ ಯಾವುದು, ಕರಕು ಯಾವುದು ಎಂದೇ ಗೊತ್ತಾಗಲಿಲ್ಲ. ವೈಸಿಗೆ ಕಚ್ಚಿಸಿ ಎಳೆದರೆ ಎಳೆಎಳೆಯಾಗಿ ತುಂಡಾಯಿತು. ಉಳಿದದ್ದನ್ನು ಉದ್ದನೆಯ ಡ್ರಿಲ್‌ನಿಂದ ಕೊರೆದು ತೆಗೆಯಲು ಎರಡು ದಿನ ಹೆಣಗಿ, ಗೋಡೆ ತೆಳುವಾಗಿದೆಯೆಂಬ ಅನುಮಾನ ಬಂದದ್ದರಿಂದ ಕೈಬಿಟ್ಟೆ. ಬೆಸುಗೆಯಿಲ್ಲದ ಉಕ್ಕಿನ ಕೊಳವೆಯಲ್ಲಿ ಹೊಸದನ್ನೇ ಮಾಡಿಸಿದೆ. ಉರಿಯ ನಡುವೆ ಇರುವ ಭಾಗದಲ್ಲಿ ಹಳೆಯ ಸಾಮಾನೆಂಬ ಮೋಹ ಸಲ್ಲದು.

ನಾಜಲ್‌ನ ರಂಧ್ರವನ್ನೂ ಹಿಂದೆ ಯಾರೋ ದೊಡ್ಡದು ಮಾಡಿದ್ದರು. ಉರಿ ಸಾಲದೆಂದು ಹಾಗೆ ಮಾಡುವವರಿದ್ದಾರೆ. ಆಗ ಗಾಳಿ ಸಾಲದೆ ಜ್ವಾಲೆ ಹಳದಿಯಾಗುತ್ತದೆ, ಬಾಯ್ಲರ್‌ನ ಕೊಳವೆಗಳಿಗೆ ಮಸಿ ಮೆತ್ತುತ್ತದೆ. ಹೊಸ ನಾಜಲ್ ಹಾಕಿ, ರಂಧ್ರವನ್ನು ಡ್ರಿಲ್‌ನ ನಯವಾದ ಹಿಂಬದಿಯಿಂದ ಅಳೆದುಕೊಂಡೆ. ಸ್ಟೌವ್ ಪಿನ್ನಿನ ಹಾಗೆ ಕಸ ತೆಗೆಯಬೇಕೇ ಹೊರತು ಲೋಹವನ್ನು ಕೆರೆಯಬಾರದು.

ಇನ್ನೊಂದು ಮಾತು: ಕೀಲುಗಳಿಗೆ ಸುತ್ತುವ ಬಿಳಿ ಟೇಪನ್ನು ಇಂಧನದ ದಾರಿಯಲ್ಲಿ ಬಳಸಬೇಡಿ. ಅದರ ಒಂದು ಚೂರು ಸಾಕು, ನಾಜಲ್ ಮುಚ್ಚಲು. ಪೈಲಟ್‌ಗೂ ಎಥನಾಲ್ ಬೆರೆತ ಪೆಟ್ರೋಲ್ ಬಿಟ್ಟು, ಕ್ಯಾಂಪಿಂಗ್ ಸ್ಟೌವ್‌ಗೆಂದು ಮಾರುವ ಶುದ್ಧ ಇಂಧನ ಹಾಕುತ್ತಿದ್ದೇನೆ.

ಉಗಿ 600 ಮುಟ್ಟಿದಾಗ ಎಣ್ಣೆಯನ್ನು ತಾನೇ ನಿಲ್ಲಿಸುವ ಸ್ವಯಂಚಾಲಿತ ವಾಲ್ವ್ ಕೂಡ ಸೋರುತ್ತಿತ್ತು. ಅದರ ಸೂಜಿಯನ್ನು ನುಣ್ಣನೆಯ ಪೇಸ್ಟ್ ಹಚ್ಚಿ ಉಜ್ಜಿ ಕೂರಿಸಿದೆ. ಬಾಯ್ಲರ್‌ನಲ್ಲಿ ನೀರು ಕಡಿಮೆಯಾದರೆ ಉರಿ ನಿಲ್ಲಿಸುವ ವಾಲ್ವನ್ನು ಮಾತ್ರ ನಾನು ಮುಟ್ಟಲಿಲ್ಲ. ಅನುಭವಿಯೊಬ್ಬರ ಕೈಗೆ ಕೊಟ್ಟು, ಪರೀಕ್ಷಿಸಿದ್ದನ್ನು ಎದುರಿಗೇ ನಿಂತು ನೋಡಿದೆ.

ಅಕ್ಟೋಬರ್‌ನ ಒಂದು ಬೆಳಿಗ್ಗೆ ಟಾರ್ಚ್‌ನಿಂದ ಪೈಲಟ್ ಕಾಯಿಸಿ ಹೊತ್ತಿಸಿದೆ. ಬರ್ನರ್ ಒಂದೇ ದನಿಯಲ್ಲಿ ಮೊರೆಯಿತು. ಇಣುಕುಗಿಂಡಿಯಲ್ಲಿ ತಟ್ಟೆಯ ಅಂಚಿನವರೆಗೂ ನೀಲಿ. ಐದನೆಯ ಮೈಲಿಯ ಏರಿನಲ್ಲಿ ಮುಳ್ಳು 550ರಿಂದ ಕೆಳಗಿಳಿಯಲಿಲ್ಲ.