ಪಹಣಿ, ಮಂಡಿ ಪಟ್ಟಿ, ಮೈಲುತುತ್ತ: ಸ್ಯಾಲರಿ ಸ್ಲಿಪ್ ಇಲ್ಲದೆ ವೀಸಾ ಮಾಡಿಸಿದ ನನ್ನ ಅನುಭವ

"ತೋಟದವರಿಗೆ ಷೆಂಗೆನ್ ವೀಸಾ ಎಲ್ಲಿಂದ ಕೊಡ್ತಾರೆ ಮಾರಾಯ, ಸ್ಯಾಲರಿ ಸ್ಲಿಪ್ ಎಂತ ತೋರಿಸ್ತೆ?" ಅಂತ ಬೆಂಗಳೂರಿನ ನಮ್ಮ ಭಾವ ಎರಡು ವರ್ಷ ಹೇಳಿದ್ದೇ ಹೇಳಿದ್ದು. ಷೆಂಗೆನ್ ಅಂದ್ರೆ ಯುರೋಪಿನ ಹಲವು ದೇಶಕ್ಕೆ ನಡೆಯುವ ಒಂದೇ ವೀಸಾ, ನಮ್ಮದು ಅಡಿಕೆ ತೋಟ. ಮೊದಲ ಸಲ ಅವನ ಮಾತೇ ಗೆದ್ದಿತು.

ಅದು 2023ರ ಡಿಸೆಂಬರ್. ಒಬ್ಬ ಏಜೆಂಟರಿಗೆ 15 ಸಾವಿರ ಕೊಟ್ಟೆ. ಹತ್ತು ದಿನಕ್ಕೆ ಐದು ದೇಶ ಸುತ್ತುವ ಪ್ಲಾನ್ ಬರೆದುಕೊಟ್ಟರು, ಬೇರೆ ಯಾರದ್ದೋ ಹೆಸರು ಅಳಿಸಿ ನಮ್ಮದನ್ನು ಹಾಕಿದ ಹಾಗಿತ್ತು. ಖಾತೆ ಬಡಕಲಾಗಿ ಕಾಣುತ್ತದೆ ಅಂತ ತಮ್ಮನಿಂದ 4 ಲಕ್ಷ ಹಾಕಿಸಿಕೊಂಡೆ, ಅದೂ ಅರ್ಜಿ ಕೊಡುವ ಹತ್ತು ದಿನ ಮೊದಲು. ಶುದ್ಧ ದಡ್ಡತನ. ಪಾಸ್‌ಪೋರ್ಟ್ ವಾಪಸ್ ಬಂತು, ಜೊತೆಗೆ ಒಂದು ಹಾಳೆ, ಅದರಲ್ಲಿ ಎರಡು ಟಿಕ್. ಪ್ರವಾಸದ ಉದ್ದೇಶ ನಂಬುವಂತಿಲ್ಲ, ವಾಪಸ್ ಹೋಗ್ತೀರಾ ಅನ್ನೋದು ಅನುಮಾನ. ನನಗೂ ಹೆಂಡತಿಗೂ ಸೇರಿ ಫೀಸು, ಏಜೆಂಟು, ಇನ್ಶೂರೆನ್ಸು, ಬಸ್ಸು ಎಲ್ಲಾ 38 ಸಾವಿರ ಚಿಲ್ಲರೆ ಹೋಯಿತು. ಮುಕ್ಕಾಲು ಕ್ವಿಂಟಾಲ್ ರಾಶಿ (ಬೇಯಿಸಿ ಒಣಗಿಸಿದ ಕೆಂಪು) ಅಡಿಕೆ ಅನ್ನಿ.

ವೀಸಾಕ್ಕೆ ಬೆರಳಚ್ಚು ಕೊಡಬೇಕಲ್ಲ, ಆ ಬೆರಳಿನ ಕಥೆ ಬೇರೆ. ಡಿಸೆಂಬರ್ ಅಂದ್ರೆ ಅಡಿಕೆ ಸುಲಿಯುವ ಕಾಲ, ಬೆರಳ ತುದಿಯೆಲ್ಲ ಅಡಿಕೆಯ ಚೊಗರು ಹಿಡಿದು ಕಪ್ಪು, ಗೆರೆ ಸವೆದುಹೋಗಿದೆ. ಮಷಿನ್ ಮೂರು ಸಲ ಬೇಡ ಅಂದಿತು. ಹೋಗುವ ಮುಂಚೆ ನಿಂಬೆಹಣ್ಣು, ಹುಣಸೆಹಣ್ಣು ಎರಡೂ ಉಜ್ಜಿ ನೋಡಿದ್ದೆ, ಬಣ್ಣ ಸ್ವಲ್ಪ ಹೋಯಿತು, ಗೆರೆ ಬರಲಿಲ್ಲ. ವಾರಗಟ್ಟಲೆ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿಕೊಂಡಿದ್ದ ಹೆಂಡತಿಗೆ ಮಾತ್ರ ಒಂದೇ ಸಲಕ್ಕೆ ಆಯಿತು. ಒಂದು ಪುಣ್ಯ, ಒಮ್ಮೆ ಕೊಟ್ಟ ಬೆರಳಚ್ಚು 59 ತಿಂಗಳು ನಡೆಯುತ್ತದೆ, ಎರಡನೇ ಸಲ ಆ ತಾಪತ್ರಯ ಇರಲಿಲ್ಲ.

ಎರಡನೇ ಸಲ ಏಜೆಂಟ್ ಬೇಡ ಅಂತ ನಾನೇ ಕೂತೆ. ಮನೆಯಲ್ಲಿದ್ದ ರಾಶಿಯನ್ನು ಒಟ್ಟಿಗೆ ಮಾರಲಿಲ್ಲ. ಏಪ್ರಿಲ್, ಮೇ, ಜೂನ್, ಮೂರು ಸಲ, ಸಲಕ್ಕೆ ನಾಲ್ಕು ಕ್ವಿಂಟಾಲ್ ಆಸುಪಾಸು ಶಿವಮೊಗ್ಗದ ಮಂಡಿಗೆ ಹಾಕಿದೆ. ಮಾರಿದ್ದಕ್ಕೆ ಮಂಡಿಯವರು ಕೊಡುವ ಪ್ರತಿ ಲೆಕ್ಕದ ಪಟ್ಟಿಗೂ ಪೆನ್ಸಿಲ್‌ನಲ್ಲಿ ನಂಬರ್ ಹಾಕಿ, ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಆ ದುಡ್ಡು ಬಂದ ಸಾಲಿಗೂ ಅದೇ ನಂಬರ್. ನೋಡುವವನು ಲೆಕ್ಕ ಹುಡುಕಬಾರದು, ಬೆರಳಿಟ್ಟ ಕಡೆ ಸಿಗಬೇಕು. ಒಂದು ಲಾಟು ದರ ಬಿದ್ದಾಗ ಹೋಗಿ ಹತ್ತು-ಹನ್ನೆರಡು ಸಾವಿರ ಕಳಕೊಂಡೆ, ಅದನ್ನೂ ವೀಸಾ ಖರ್ಚಿಗೇ ಸೇರಿಸಿಕೊಂಡಿದ್ದೇನೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ನಿಜ, ಆದರೆ ರಿಟರ್ನ್ಸ್‌ನಲ್ಲಿ ವಿನಾಯಿತಿ ಆದಾಯದ ಕಡೆ ತೋರಿಸಬಹುದಲ್ವಾ. ಹಾಗೆ ಹಾಕಿದ್ದ ಮೂರು ವರ್ಷದ್ದನ್ನೂ ಇಟ್ಟೆ.

ಪಹಣಿಯ 11ನೇ ಕಾಲಂನಲ್ಲಿ ಸೊಸೈಟಿ ಸಾಲ ಇತ್ತು. ಏಜೆಂಟರು ಮೊದಲ ಸಲ ಪಹಣಿಯನ್ನೇ ಬಿಡಿಸಿದ್ದರು. ಈ ಸಲ ಸಾಲದ ಸಮೇತ ಇಟ್ಟೆ. ಸುಮ್ನೆ ಒಂದು ಪ್ರಯೋಗ ಅಂತ ಮೊಬೈಲ್‌ನಲ್ಲಿ ಇಂಗ್ಲಿಷ್ ಮಾಡಿಸಿದರೆ ಖರಾಬು ಜಮೀನು (ಸಾಗುವಳಿಗೆ ಬಾರದ್ದು) ಕೆಟ್ಟುಹೋದ ಜಮೀನಾಯಿತು! ಕೊನೆಗೆ ಗೊತ್ತಿರುವವರ ಹತ್ತಿರ ಪುಟಕ್ಕೆ 300 ಕೊಟ್ಟು ಮಾಡಿಸಿ ನೋಟರಿ ಹಾಕಿಸಿದೆ. ಎಕರೆ-ಗುಂಟೆ ಪಕ್ಕದಲ್ಲಿ ಹೆಕ್ಟೇರ್ ಬರೆಸಿ. 4 ಎಕರೆ ಅಂದ್ರೆ 1.6 ಹೆಕ್ಟೇರ್, ಅಲ್ಲಿಯವರಿಗೆ ಅದೇ ಅರ್ಥ ಆಗೋದು.

ಇನ್ನು ಕವರಿಂಗ್ ಲೆಟರ್. ಐದು ದೇಶ ಬಿಟ್ಟು ಫ್ರಾನ್ಸ್ ಒಂದೇ ಹಿಡಿದೆ, ಅದರಲ್ಲೂ ಬೋರ್ಡೋ ಊರು. ನಾವು ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ, ಅಂದ್ರೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣದ ಔಷಧಿ, ಅಲ್ಲಿಯದೇ. ದ್ರಾಕ್ಷಿ ರೋಗಕ್ಕೆ ಅಂತ 1885ರಲ್ಲಿ ಅಲ್ಲಿನ ಮಿಲಾರ್ಡೆ ಅನ್ನುವ ಪ್ರೊಫೆಸರ್ ಅದನ್ನು ಬೆಳಕಿಗೆ ತಂದರು. ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ನಮ್ಮ ಅಡಿಕೆಗೆ ಹೊಡೆಸಿದರು. ನಮ್ಮಜ್ಜನ ಕಾಲದಿಂದ ಈ ಔಷಧಿ ಹೊಡೀತಿದ್ದೇವೆ, ಅದು ಹುಟ್ಟಿದ ಊರು ನೋಡಬೇಕು ಅಂತ ಬರೆದೆ. ಸೆಪ್ಟೆಂಬರ್‌ನಲ್ಲಿ ಅಲ್ಲಿ ದ್ರಾಕ್ಷಿ ಕೊಯ್ಲು, ಅಕ್ಟೋಬರ್‌ನಲ್ಲಿ ಇಲ್ಲಿ ನನ್ನ ಅಡಿಕೆ ಕೊನೆ (ಗೊನೆ) ಕೊಯ್ಲು, ನಾನು ಬಾರದಿದ್ದರೆ ವರ್ಷದ ಗಂಜಿ ಹೋಯಿತು. ಇದಕ್ಕೆ ಪುರಾವೆಯಾಗಿ ಒಂದು ಕಾಗದ ಇಟ್ಟಿದ್ದೆ, ಅದೇನು ಅಂತ ಮಾತ್ರ ಹೇಳಲ್ಲ. ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗೌಡನ ಹತ್ತಿರ ಮಾತಾಡಿದರೆ ನಿಮಗೇ ಹೊಳೆಯುತ್ತದೆ.

ಫೋಟೋ 35-45 ಮಿಲಿಮೀಟರ್, ಮುಖ ದೊಡ್ಡದಾಗಿ ಬರಬೇಕು, ಸ್ಟುಡಿಯೋದವರಿಗೆ ಅಳತೆ ಬರೆದುಕೊಡಿ. ಇನ್ಶೂರೆನ್ಸ್ 30 ಸಾವಿರ ಯೂರೋಗೆ ಕಡಿಮೆ ಇರಬಾರದು. ಫೀಸು ಅಷ್ಟರಲ್ಲಿ 80ರಿಂದ 90 ಯೂರೋ ಆಗಿತ್ತು. ಇಬ್ಬರದ್ದೂ ಸೇರಿ ಈ ಸಲ ಒಟ್ಟು 27-28 ಸಾವಿರ.

ಜುಲೈ ಕೊನೆ, ಮಳೆ ಒಂದು ಗಳಿಗೆ ಬಿಟ್ಟಿತ್ತು. ಅಡಿಕೆಗೆ ಎರಡನೇ ಸಲ ಔಷಧಿ ಹೊಡೆಯಲು ಡ್ರಮ್ಮಿನಲ್ಲಿ ಮೈಲುತುತ್ತ ಕರಗಿಸುತ್ತಿದ್ದೆ, ಕೊರಿಯರ್‌ನವನು ಗೇಟಿನಲ್ಲಿ ಕೂಗಿದ. ಓಡಿ ಹೋಗಿ ಕೈ ಚಾಚಿದರೆ ಮೊಣಕೈವರೆಗೂ ನೀಲಿ. "ಆ ಕೈಯಲ್ಲಿ ಮುಟ್ಟಬೇಡಿ ಮಾರಾಯ್ರೇ" ಅಂತ ಹೆಂಡತಿ ಕಸಿದುಕೊಂಡು ಅಲ್ಲೇ ಅಂಗಳದಲ್ಲಿ ಹರಿದು ನೋಡಿದಳು. ಇಬ್ಬರದ್ದೂ ಆಗಿತ್ತು. ಭಾವನಿಗೆ ಫೋಟೋ ಕಳಿಸಿದೆ. ಸಂಜೆ ಫೋನ್ ಮಾಡಿ, ಅವನ ಅತ್ತೆ-ಮಾವನಿಗೂ ಒಂದು ಫೈಲ್ ಮಾಡಿಕೊಡ್ತೆಯಾ ಅಂತ ಕೇಳಿದ.