ಪಂಪ್ ಹಾಕಿದೆ, ಹೃದಯ ನಿಲ್ಲಿಸಲಿಲ್ಲ: ಇಎಫ್ 25ರ ಬೈಪಾಸ್‌ನಲ್ಲಿ ನನ್ನ ಅನುಭವ

ಬೈಪಾಸ್ ಸರ್ಜರಿಯಲ್ಲಿ ಪಂಪ್ (ಹೃದಯ, ಶ್ವಾಸಕೋಶದ ಕೆಲಸ ಮಾಡುವ ಯಂತ್ರ) ಹಾಕಿದರೆ ಹೃದಯ ನಿಲ್ಲಿಸು, ಇಲ್ಲವಾದರೆ ಪಂಪೇ ಬೇಡ, "ಎರಡು ದೋಣ್ಯಾಗ ಕಾಲಿಡಬ್ಯಾಡೋ ತಮ್ಮಾ" ಅಂತ ಪುಣೆಯಲ್ಲಿ ನನ್ನ ಜೊತೆಗಿರುವ ಧಾರವಾಡದ ಹಿರಿಯ ಸರ್ಜನ್ ಹೇಳುತ್ತಲೇ ಇದ್ದರು. ಈಗ ಇಎಫ್ (ಒಂದು ಬಡಿತಕ್ಕೆ ಹೃದಯ ನೂರಕ್ಕೆ ಎಷ್ಟು ರಕ್ತ ಹೊರಹಾಕುತ್ತದೆ ಅನ್ನುವ ಲೆಕ್ಕ) 25ರ, ಅಂದರೆ ತುಂಬಾ ಸೋತ ಹೃದಯದ ಕೇಸ್ ಬಂದರೆ ಅವರೇ ನನ್ನನ್ನು ಕರೆಯುತ್ತಾರೆ.

ನನ್ನ ಕೈ ಪಳಗಿದ್ದು ಪಂಪ್ ಇಲ್ಲದೆ ಬಡಿಯುವ ಹೃದಯಕ್ಕೇ ಹೊಲಿಯುವ ಆಫ್ ಪಂಪ್‌ನಲ್ಲಿ. ಲಿಮಾವನ್ನು (ಎದೆಗೋಡೆಯ ಒಳಗಿನ ಎಡ ರಕ್ತನಾಳ) ಎಲ್‌ಎಡಿಗೆ (ಹೃದಯದ ಮುಂಭಾಗದ ರಕ್ತನಾಳ) ಹೊಲಿಯುವ ತನಕ ತೊಂದರೆ ಇಲ್ಲ. ಹಿಗ್ಗಿದ ಹೃದಯವನ್ನು ಓಎಂಗಾಗಿ (ಹೃದಯದ ಎಡ ಬದಿಯ ಹಿಂದಿನ ರಕ್ತನಾಳ) ಎತ್ತಿದ ಕೂಡಲೇ ಮೇಲಿನ ಬಿಪಿ 100ರಿಂದ 50ಕ್ಕೆ ಬೀಳುತ್ತಿತ್ತು, ಇಳಿಸಿದರೆ ಏರುತ್ತಿತ್ತು, ಮತ್ತೆ ಎತ್ತಿದರೆ ವಿಎಫ್, ಅಂದರೆ ಹೃದಯ ಬಡಿಯದೆ ಬರೀ ನಡುಗುವುದು. ಹಾಗೆ ಗಡಿಬಿಡಿಯಲ್ಲಿ ಪಂಪ್‌ಗೆ ಹೋದವರಲ್ಲಿ ಉಳಿದವರು ಕಡಿಮೆ. ಓಎಂ ಬಿಟ್ಟು ಎದೆ ಮುಚ್ಚಿದರೆ ಅದು ಅರ್ಧ ಕೆಲಸ, ಅಲ್ವಾ? ಅಯೋರ್ಟಾಕ್ಕೆ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ) ಕ್ಲ್ಯಾಂಪ್ ಹಾಕಿ ಹೃದಯ ನಿಲ್ಲಿಸಿದರೆ ಹೊಲಿಗೆ ಚೆಂದ ಬರುತ್ತದೆ, ಆದರೆ ಮೊದಲೇ ಸೋತ ಹೃದಯ ಆಮೇಲೆ ಪಂಪ್ ಬಿಡಲು ಒಪ್ಪುವುದಿಲ್ಲ. ಬಲೂನ್ (ಹೃದಯಕ್ಕೆ ನೆರವಾಗಲು ಅಯೋರ್ಟಾದಲ್ಲಿ ಇಡುವುದು), ಅಡ್ರಿನಲಿನ್, ಐಸಿಯುನಲ್ಲಿ ವಾರ.

"ಇಂಥವರಿಗೆ ಮಾತ್ರೆ ಸಾಕು" ಅನ್ನುವವರೂ ಇದ್ದರು. ಇಎಫ್ 35ರ ಒಳಗಿನವರ ಸ್ಟಿಚ್ ಅಧ್ಯಯನದ ಹತ್ತು ವರ್ಷದ ಲೆಕ್ಕ 2016ರಲ್ಲಿ ಬಂತು: ಬೈಪಾಸ್ ಆದವರಲ್ಲಿ ಸಾವು ನೂರಕ್ಕೆ 59, ಬರೀ ಮಾತ್ರೆಯವರಲ್ಲಿ 66. ನನಗೆ ಅಷ್ಟು ಸಾಕಾಯಿತು.

ಈಗ ಕ್ಯಾನುಲಾ (ಪಂಪ್ ಜೋಡಿಸುವ ಕೊಳವೆ) ಮೊದಲೇ ಹಾಕಿ, ರಕ್ತ ಹೆಪ್ಪುಗಟ್ಟದ ಹಾಗೆ ಹೆಪಾರಿನ್ ಪೂರ್ತಿ ಕೊಟ್ಟು, ಪಂಪ್ ಶುರು ಮಾಡುತ್ತೇನೆ. ಕ್ಲ್ಯಾಂಪ್ ಇಲ್ಲ. ಮೊದಲು ಎಲ್‌ಎಡಿ, ಹೊಲಿದ ತಕ್ಷಣ ಬುಲ್‌ಡಾಗ್ (ಸಣ್ಣ ಕ್ಲಿಪ್) ತೆಗೆದು ರಕ್ತ ಬಿಡುವುದು. ಎತ್ತುವ ಮುಂಚೆ ರಕ್ತವನ್ನು ಪಂಪಿಗೆ ಎಳೆಸಿ ಹೃದಯ ಖಾಲಿ ಮಾಡಿಸುತ್ತೇನೆ. ಕೈಯಲ್ಲಿ ಮೆತ್ತಗೆ, ಸಣ್ಣಗೆ ಬಡಿಯುತ್ತಿರುತ್ತದೆ, ಆಗ ಆಕ್ಟೋಪಸ್ (ಹೊಲಿಯುವ ಜಾಗ ಅಲುಗದಂತೆ ಹಿಡಿಯುವ ಸ್ಟೆಬಿಲೈಜರ್) ಕೂರಿಸಿ, ಹೊಲಿಯುವಾಗಲೂ ರಕ್ತ ಹರಿಯಲು ಶಂಟ್ ಇಟ್ಟು, 7-0 ಪ್ರೋಲೀನ್ ದಾರ. ಮೀನ್ ಬಿಪಿ 65ರ ಕೆಳಗೆ ಹೋಗಬಾರದು ಅಂತ ಪಂಪ್ ನಡೆಸುವ ಪರ್ಫ್ಯೂಜನಿಸ್ಟ್‌ಗೆ ಹೇಳಿಟ್ಟಿರುತ್ತೇನೆ. ಹೃದಯ ಎತ್ತಲು ಹಿಂದಿನ ಪೆರಿಕಾರ್ಡಿಯಮ್ (ಹೃದಯದ ಹೊರಚೀಲ) ಹೊಲಿಗೆ ಎಲ್ಲಿ ಹಾಕಿ ಯಾವ ಕಡೆ ಎಳೆಯುತ್ತೇನೆ ಅನ್ನೋದನ್ನು ಮಾತ್ರ ಬರೆಯಲ್ಲ, ಟೇಬಲ್ ಹತ್ತಿರ ಬಂದು ನೋಡಿ.

ಜಗಳವಾದದ್ದು ದುಡ್ಡಿಗೆ. ಒಂದೇ ಕೇಸಿಗೆ ಪಂಪಿನ ಆಕ್ಸಿಜನೇಟರೂ ಸ್ಟೆಬಿಲೈಜರೂ ಯಾಕೆ ಅಂತ ಆಡಳಿತದವರ ತಕರಾರು. ಖರ್ಚು ಮೂವತ್ತು ನಲವತ್ತು ಸಾವಿರ ಜಾಸ್ತಿ, ನಿಜ. ಬಲೂನ್ ತಪ್ಪಿದರೆ ಹೆಚ್ಚುಕಮ್ಮಿ ಅಷ್ಟು ಉಳಿಯುತ್ತದೆ, ಐಸಿಯು ದಿನಗಳು ಬೇರೆ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯಿಂದ ಬರುವ ನಮ್ಮ ಮಂದಿಗೆ ಒಂದು ದಿನದ ಐಸಿಯು ಬಿಲ್ಲೂ ಭಾರ. ಹಿಂದಿನ ರಾತ್ರಿಯೇ ಹೃದಯಕ್ಕೆ ಬಲ ಕೊಡುವ ಔಷಧ ಲೆವೋಸಿಮೆಂಡಾನ್ ಕೊಟ್ಟೂ ನೋಡಿದ್ದೆ. ಸುಮ್ನೆ ಖರ್ಚು. 2017ರ ದೊಡ್ಡ ಅಧ್ಯಯನದಲ್ಲೂ ಲಾಭ ಕಾಣಲಿಲ್ಲ.

ಒಂದು ಮಾತು, ಅಯೋರ್ಟಿಕ್ ಕವಾಟ ಜೋರಾಗಿ ಸೋರುತ್ತಿದ್ದರೆ ಇದಕ್ಕೆ ಕೈ ಹಾಕಬೇಡಿ. ಹೃದಯ ಖಾಲಿಯಾಗುವ ಬದಲು ಊದಿಕೊಳ್ಳುತ್ತದೆ.